ಅಡುಗೆಮನೆಯ ಗೊಬ್ಬರ ಯಂತ್ರ: ಬಿಸಿಲೂರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ನಮ್ಮದು ಐದು ಜನರ ಮನೆ. ಅಡುಗೆಮನೆ ಚಿಕ್ಕದು, ಮೇಲೆ ಮಾಳಿಗೆ ಇದೆ, ಅಂಗಳ ಇಲ್ಲ. ಎರಡು ವರ್ಷದಿಂದ ಹಸಿ ಕಸವನ್ನು ಮನೆಯಿಂದ ಹೊರಗೆ ಕಳಿಸಿಲ್ಲ. ಮೊದಲು ಹಸಿ ಕಸವನ್ನು ಗೊಬ್ಬರ ಮಾಡುತ್ತದೆ ಅಂತ ಮಾರುವ ಕರೆಂಟಿನ ಯಂತ್ರ ತಂದೆವು, ಆಮೇಲೆ ಕಸ ಕೊಳೆಸಲು ಮುಚ್ಚಳದ ಬಕೆಟ್, ಆಮೇಲೆ ಮಡಕೆ. ಈಗ ಮೂರೂ ಇವೆ. ಮನೆಗೆ ಬಂದವರು ಸಿಂಕಿನ ಪಕ್ಕ ಬಿಳಿ ಡಬ್ಬಿಯಂತೆ ಕೂತಿರುವ ಆ ಯಂತ್ರ ನೋಡಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ರಾಯಚೂರು, ಗಂಗಾವತಿ, ಸಿರುಗುಪ್ಪದ ನೆಂಟರೂ ಫೋನಿನಲ್ಲಿ ಅದನ್ನೇ ಕೇಳುತ್ತಾರೆ. ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಈ ಯಂತ್ರ ನಿಜವಾಗಲೂ ಒಂದೇ ರಾತ್ರಿಯಲ್ಲಿ ಗೊಬ್ಬರ ಮಾಡುತ್ತಾ?

ಇಲ್ಲ. ಇದನ್ನು ಮೊದಲು ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭ. ಅಡುಗೆಮನೆಗೆ ಅಂತ ಮಾರುವ ಸಣ್ಣ ಯಂತ್ರಗಳಲ್ಲಿ ಜಾಸ್ತಿ ಭಾಗ ಮಾಡೋದು ಎರಡೇ ಕೆಲಸ: ಕಾಯಿಸಿ ಒಣಗಿಸುವುದು, ಒಳಗಿನ ಅಲಗಿನಿಂದ ಪುಡಿ ಮಾಡುವುದು. ಬೆಳಿಗ್ಗೆ ಮುಚ್ಚಳ ತೆಗೆದರೆ ಕಂದು ಬಣ್ಣದ ಒಣ ಪುಡಿ ಸಿಗುತ್ತದೆ, ಹುರಿದ ಹಿಟ್ಟಿನ ಹಾಗೆ ವಾಸನೆ ಇರುತ್ತದೆ. ನೋಡಿದರೆ ಗೊಬ್ಬರವೇ ಅನಿಸುತ್ತದೆ. ಆದರೆ ಅದು ಒಣಗಿದ ಊಟ, ಅಷ್ಟೇ. ನೀರು ಬಿದ್ದರೆ ಮತ್ತೆ ಊಟವಾಗಿ ಕೊಳೆಯಲು ಶುರು ಮಾಡುತ್ತದೆ.

ಗೊಬ್ಬರ ಮಾಡೋದು ಜೀವಾಣುಗಳು. ಅವಕ್ಕೆ ತೇವ ಬೇಕು, ಗಾಳಿ ಬೇಕು, ವಾರಗಟ್ಟಲೆ ಸಮಯ ಬೇಕು. ಅಮೆರಿಕದಲ್ಲಿ ಮಿಲ್ ಅಂತ ಒಂದು ಸ್ಮಾರ್ಟ್ ಡಬ್ಬಿ ಇದೆ, ಮನೆಯ ಶಾಖ ತಾನೇ ಹೊಂದಿಸುವ ನೆಸ್ಟ್ ಥರ್ಮೋಸ್ಟಾಟ್ ಕಟ್ಟಿದವರಲ್ಲಿ ಒಬ್ಬರಾದ ಮ್ಯಾಟ್ ರೋಜರ್ಸ್ ಶುರು ಮಾಡಿದ್ದು. ಅವರು ಆ ಪುಡಿಯನ್ನು ಗೊಬ್ಬರ ಅಂತ ಕರೆಯಲೇ ಇಲ್ಲ. ಮನೆಗಳಿಂದ ವಾಪಸ್ ತರಿಸಿಕೊಂಡು ಕೋಳಿ ಮೇವು ಮಾಡುವ ಯೋಜನೆ ಇಟ್ಟುಕೊಂಡು ಶುರು ಮಾಡಿದರು. ಕೋಳಿ ತಿನ್ನಬಹುದಾದ ವಸ್ತು ಇನ್ನೂ ಗೊಬ್ಬರ ಆಗಿಲ್ಲ ಅಂತಲೇ ಅರ್ಥ ಅಲ್ವಾ?

ಎಲ್ಲ ಯಂತ್ರಗಳೂ ಹೀಗೇನಾ?

ಅಲ್ಲ. ಎರಡು ಜಾತಿ ಇವೆ. ಒಂದು ಮೇಲೆ ಹೇಳಿದ್ದು, ಒಣಗಿಸಿ ಪುಡಿ ಮಾಡುವುದು. ಇನ್ನೊಂದು ಜೀವಾಣು ಇರುವ ಯಂತ್ರ. ಇದರಲ್ಲಿ ಮೊದಲ ದಿನವೇ ಒಂದು ಚೀಲ ಹೆಪ್ಪು ಸುರಿಯುತ್ತೀರಿ, ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಆಮೇಲೆ ದಿನಾ ಕಸ ಹಾಕುತ್ತಾ ಹೋಗಬೇಕು. ಯಂತ್ರ ಬೆಚ್ಚಗಿನ ಶಾಖ ಇಟ್ಟು ಆಗಾಗ ತಿರುವುತ್ತದೆ, ಯಾವತ್ತೂ ಆಫ್ ಮಾಡುವ ಹಾಗಿಲ್ಲ. ಕೊರಿಯಾದ ರೀಎನ್‌ಕಲ್ ಈ ತರಹದ್ದು. ಕೆನಡಾದ ಲೋಮಿ ಹೆಚ್ಚಾಗಿ ಮೊದಲ ಜಾತಿಗೆ ಸೇರುತ್ತದೆ, ನಿಧಾನವಾಗಿ ಓಡುವ ಒಂದು ಮೋಡ್ ಕೂಡ ಅದರಲ್ಲಿದೆ.

ಕೊರಿಯಾದಲ್ಲಿ ಇಂಥ ಯಂತ್ರಗಳು ಜಾಸ್ತಿ ಇರಲು ಕಾರಣ ಇದೆ. ಅಲ್ಲಿ 2005ರಿಂದ ಊಟದ ಕಸವನ್ನು ನೇರವಾಗಿ ಭೂಮಿಗೆ ಸುರಿಯುವುದಕ್ಕೆ ನಿಷೇಧ ಇದೆ. 2013ರಿಂದ ಎಷ್ಟು ಕಸ ಹಾಕುತ್ತೀರೋ ಅಷ್ಟಕ್ಕೆ ದುಡ್ಡು ಕಟ್ಟಬೇಕು. ಕಸ ತೂಗಿ ದುಡ್ಡು ಕೇಳಿದರೆ ಯಾರಾದರೂ ಮೊದಲು ಅದರ ನೀರು ತೆಗೆಯಲು ನೋಡುತ್ತಾರೆ.

ಸ್ಮಾರ್ಟ್ ಅಂದರೆ ಏನು ಸ್ಮಾರ್ಟ್?

ತೇವ ಅಳೆಯುವ ಸೆನ್ಸರ್, ಶಾಖ ಅಳೆಯುವ ಸೆನ್ಸರ್, ಕೆಲವದರಲ್ಲಿ ತೂಕದ ಸೆನ್ಸರ್. ಕಸ ಒಣಗಿದ್ದು ಗೊತ್ತಾದ ಕೂಡಲೇ ಯಂತ್ರ ತಾನೇ ನಿಲ್ಲುತ್ತದೆ, ಇದು ನಿಜವಾದ ಉಪಯೋಗ. ಎರಡು ಟೊಮೆಟೊ ಹಾಕಿದ ದಿನವೂ ಎಂಟು ತಾಸು ಸುಮ್ನೆ ಓಡುವುದಿಲ್ಲ. ಫೋನಿಗೆ ಬರುವ ಮೆಸೇಜು, ಇಷ್ಟು ಕಿಲೋ ಕಸ ಉಳಿಸಿದಿರಿ ಅನ್ನುವ ಲೆಕ್ಕ, ಇವೆಲ್ಲ ಮೊದಲ ತಿಂಗಳು ನೋಡುತ್ತೀರಿ, ಆಮೇಲೆ ಇಲ್ಲ. ಆ್ಯಪ್ ಇಲ್ಲದೆ ಬರೀ ಗುಂಡಿ ಒತ್ತಿ ಓಡಿಸಲು ಬರುತ್ತದಾ ಅಂತ ಕೊಳ್ಳುವ ಮುಂಚೆ ಕೇಳಿ. ಬರಲ್ಲ ಅಂದರೆ ಬಿಟ್ಟುಬಿಡಿ. ಕಂಪನಿ ಆ್ಯಪ್ ನಿಲ್ಲಿಸಿದ ದಿನ ಯಂತ್ರವೂ ಮೂಲೆಗೆ ಬೀಳುತ್ತದೆ.

ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ಸ್ಮಾರ್ಟ್ ಸಾಮಾನು ಅಂದರೆ ಯೂನಿಟ್ ತೋರಿಸುವ ಸ್ಮಾರ್ಟ್ ಪ್ಲಗ್. ಯಂತ್ರವನ್ನು ಅದಕ್ಕೆ ಸಿಕ್ಕಿಸಿದರೆ ನಿಜವಾದ ಖರ್ಚು ಕಣ್ಣಿಗೆ ಕಾಣುತ್ತದೆ. ಯಂತ್ರದ ವ್ಯಾಟ್ ನೋಡಿ ಅದಕ್ಕೆ ತಕ್ಕ ಆಂಪಿಯರಿನದ್ದನ್ನು ತನ್ನಿ. ನಮಗೆ ಮುಂದಿನ ಉತ್ತರ ಸಿಕ್ಕಿದ್ದು ಅದರಿಂದಲೇ.

ಕರೆಂಟ್ ಎಷ್ಟು ತಿನ್ನುತ್ತದೆ?

ಒಂದು ದಿನ ಕೂತು ಅಳೆದೆ. ರಾತ್ರಿ ಹಾಕಿದ್ದು 820 ಗ್ರಾಂ: ಹೀರೇಕಾಯಿ ಸಿಪ್ಪೆ, ಈರುಳ್ಳಿ ಸಿಪ್ಪೆ, ಚಹಾ ಚರಟ, ಮಕ್ಕಳು ಬಿಟ್ಟ ಅನ್ನ ಸಾರು, ಎರಡು ಬಾಳೆಹಣ್ಣಿನ ಸಿಪ್ಪೆ. ಬೆಳಿಗ್ಗೆ ಸಿಕ್ಕಿದ್ದು 190 ಗ್ರಾಂ ಪುಡಿ. ಪ್ಲಗ್ ತೋರಿಸಿದ್ದು 0.74 ಯೂನಿಟ್.

ಇದರಲ್ಲಿ ಕಂಪನಿಯ ತಪ್ಪೇನೂ ಇಲ್ಲ. ನೀರಿನ ಸ್ವಭಾವವೇ ಹಾಗೆ. ಊಟದ ಕಸದಲ್ಲಿ ಮುಕ್ಕಾಲು ಭಾಗ ನೀರೇ ಇರುತ್ತದೆ. ಒಂದು ಲೀಟರ್ ನೀರನ್ನು ಆವಿ ಮಾಡಲು ಹೆಚ್ಚುಕಡಿಮೆ 0.7 ಯೂನಿಟ್ ಬೇಕೇ ಬೇಕು, ಎಷ್ಟು ದುಬಾರಿ ಯಂತ್ರ ತಂದರೂ ಇದು ತಪ್ಪಲ್ಲ. ಹಾಗಾಗಿ ಕಸ ಹಾಕುವ ಮುಂಚೆ ಜರಡಿಯಲ್ಲಿ ಸೋಸಿ ನೀರು ಇಳಿಸಿದರೆ ಅಷ್ಟು ಕರೆಂಟ್ ಉಳಿಯುತ್ತದೆ.

ದಿನಾ ಓಡಿಸಿದರೆ ತಿಂಗಳಿಗೆ 20ರಿಂದ 30 ಯೂನಿಟ್ ಅಂತ ಇಟ್ಟುಕೊಳ್ಳಿ. ಇಲ್ಲಿ ಗೃಹಜ್ಯೋತಿಯ ವಿಷಯ ಬರುತ್ತದೆ. ಎಲ್ಲರಿಗೂ ಸೀದಾ 200 ಯೂನಿಟ್ ಫ್ರೀ ಅಂತ ತಿಳಿದವರು ಇನ್ನೂ ಇದ್ದಾರೆ. 2023ರಲ್ಲಿ ಯೋಜನೆ ಶುರುವಾದಾಗ 2022-23ರ ಸರಾಸರಿ ಬಳಕೆಗೆ 10 ಪರ್ಸೆಂಟ್ ಸೇರಿಸಿ ಮನೆಮನೆಗೂ ಮಿತಿ ಹಾಕಿದರು. ಆ ಮಿತಿ ದಾಟಿದ ಯೂನಿಟ್ಟಿಗೆ ಜೆಸ್ಕಾಂ ಬಿಲ್ ಬರುತ್ತದೆ, 200 ದಾಟಿದರೆ ಆ ತಿಂಗಳು ಪೂರ್ತಿ ಬಿಲ್. ಏಪ್ರಿಲ್, ಮೇನಲ್ಲಿ ಕೂಲರ್ ಹಗಲೂ ರಾತ್ರಿ ಓಡುತ್ತಿರುತ್ತದೆ. ಅದರ ಮೇಲೆ ಈ 30 ಯೂನಿಟ್ ಬಿದ್ದರೆ ಲೆಕ್ಕ ಎಲ್ಲಿಗೆ ಹೋಗುತ್ತದೆ ಅಂತ ಹಳೇ ಬಿಲ್ ತೆಗೆದು ಒಮ್ಮೆ ನೋಡಿ.

ಇಷ್ಟು ಬಿಸಿಲಿರುವ ಊರಲ್ಲಿ ಒಣಗಿಸಲು ಯಂತ್ರ ಯಾಕೆ?

ಇದನ್ನು ಮೊದಲು ಕೇಳಿದ್ದು ನಮ್ಮ ಅತ್ತೆ. ಯಂತ್ರ ಬಂದ ವಾರವೇ ಕೇಳಿದರು. ಮಾಳಿಗೆಯ ಮೇಲೆ ಸಂಡಿಗೆ, ಬ್ಯಾಡಗಿ ಮೆಣಸಿನಕಾಯಿ ಎರಡೂ ಒಣಗುತ್ತಿದ್ದವು. ಅವರು ಮೆಟ್ಟಿಲ ಮೇಲೆ ನಿಂತು, "ಇದು ಮಾಡೋದು ಒಣಗ್ಸಾದಾದ್ರ ಮಾಳಿಗಿ ಮ್ಯಾಲ ಬಿಸ್ಲು ಐತಲ್ಲವಾ, ಅದಕ್ಯಾಕ ರೊಕ್ಕ ಕೊಟ್ಟಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಮರುದಿನವೇ ಪರೀಕ್ಷೆ ಮಾಡಿದೆವು.

ಸಿಪ್ಪೆಗಳನ್ನು ಬೆರಳುದ್ದ ಹೆಚ್ಚಿ ಮೊರದಲ್ಲಿ ತೆಳ್ಳಗೆ ಹರವಿ, ಮೇಲೆ ಹಳೇ ವಾಯಿಲ್ ಸೀರೆ ಕಟ್ಟಿ ಇಟ್ಟೆವು, ಕಾಗೆ ಅಳಿಲು ಎಳೆದಾಡಬಾರದು ಅಂತ. ಏಪ್ರಿಲ್ ತಿಂಗಳು. ಬೆಳಿಗ್ಗೆ ಒಂಬತ್ತಕ್ಕೆ ಇಟ್ಟ ಸೌತೆಕಾಯಿ ಸಿಪ್ಪೆ ಮಧ್ಯಾಹ್ನ ಮೂರಕ್ಕೆ ಸುರುಳಿ ಸುತ್ತಿಕೊಂಡಿತ್ತು. ಮರುದಿನ ಕೈಯಲ್ಲಿ ಹಿಡಿದರೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಬಾಳೆಹಣ್ಣಿನ ಸಿಪ್ಪೆ ಕಪ್ಪಾಗಿ ಎರಡು ದಿನ ತಗೊಂಡಿತು. ಕರೆಂಟ್ ಒಂದು ಪೈಸೆ ಇಲ್ಲ. ಯಂತ್ರ ರಾತ್ರಿಯೆಲ್ಲ ಗುಂಯ್ ಅಂದು ಮಾಡುವ ಕೆಲಸವನ್ನು ನಮ್ಮ ಬಿಸಿಲು ಸುಮ್ನೆ ಮಾಡಿಕೊಡುತ್ತಿದೆ, ಅದೂ ವರ್ಷದಲ್ಲಿ ಬಹುಪಾಲು ದಿನ.

ಆದರೆ ಬೇಯಿಸಿದ್ದು ಮಾಳಿಗೆಗೆ ಹೋಗಬಾರದು. ಅನ್ನ, ಸಾರಿನ ಚರಟ, ಎಣ್ಣೆಗಾಯಿ ಪಲ್ಯ ಬಿಸಿಲಲ್ಲಿಟ್ಟರೆ ಒಣಗುವ ಮುಂಚೆಯೇ ಹಳಸುತ್ತದೆ, ನೊಣ ಮುತ್ತುತ್ತವೆ, ರಾತ್ರಿ ಇಲಿ ಬರುತ್ತವೆ. ಅದಕ್ಕೇ ಈಗ ನಮ್ಮಲ್ಲಿ ಹಸಿ ಸಿಪ್ಪೆ ಮಾಳಿಗೆಗೆ, ಬೇಯಿಸಿದ್ದು ಯಂತ್ರಕ್ಕೆ. ಯಂತ್ರ ವಾರಕ್ಕೆ ಎರಡೇ ಸಲ ಓಡುತ್ತದೆ.

ಹಾಗಾದರೆ ಯಾರು ಕೊಳ್ಳಬೇಕು, ಯಾರಿಗೆ ಬೇಡ?

ಅಪಾರ್ಟ್‌ಮೆಂಟಿನಲ್ಲಿದ್ದು, ಮಾಳಿಗೆಗೆ ಬೀಗ ಹಾಕಿದ್ದರೆ, ಬಾಲ್ಕನಿಗೆ ಬಿಸಿಲು ಬರದಿದ್ದರೆ ಯೋಚಿಸಿ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುವವರು ಯೋಚಿಸಿ. ಬಗ್ಗಿ ಎದ್ದು ಬಕೆಟ್ ತಿರುವಲು ಆಗದ ವಯಸ್ಸಿನವರು ಮಾತ್ರ ಇರುವ ಮನೆಗೂ ಇದು ನಿಜವಾದ ಸಹಾಯ.

ಸ್ವಂತ ಮಾಳಿಗೆ ಇದ್ದವರಿಗೆ ಬೇಡ, ಒಂದು ಬಕೆಟ್, ಒಂದು ಮೊರ ಸಾಕು. ಹತ್ತಿರದಲ್ಲಿ ಎಮ್ಮೆ ಕಟ್ಟಿದವರು ಇದ್ದರೆ ಮೊದಲ ಪಾಲು ಅವರದ್ದೇ. ನಮ್ಮ ಕಡೆ ಮುಸುರೆ ಬಕೆಟ್ ಇಟ್ಟು ಎಮ್ಮೆಗೆ ಕೊಡುವ ರೂಢಿ ಎಷ್ಟೋ ಓಣಿಗಳಲ್ಲಿ ಇನ್ನೂ ಇದೆ. ಒಳ್ಳೆ ಸಿಪ್ಪೆ, ಅಕ್ಕಿ ತೊಳೆದ ನೀರು ಅವಕ್ಕೆ ಹೋಗಲಿ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಇಡಬೇಡಿ, ಎಮ್ಮೆ ಅದನ್ನೂ ಸೇರಿಸಿ ತಿನ್ನುತ್ತದೆ.

ಕಸದ ಗಾಡಿ ದಿನಾ ಬರುತ್ತಲ್ಲ, ಅದಕ್ಕೇ ಹಾಕಿದರೆ ಆಯ್ತಲ್ವಾ?

ಬೇರೆ ಬೇರೆ ಮಾಡಿ ಹಾಕಿದರೆ ಅದೂ ಸರಿಯೇ. 2016ರ ಘನತ್ಯಾಜ್ಯ ನಿಯಮದಲ್ಲೇ ಹಸಿ ಕಸ, ಒಣ ಕಸ, ಮನೆಯ ಅಪಾಯಕಾರಿ ಕಸ ಅಂತ ಮೂರು ಮಾಡಿ ಕೊಡಬೇಕು ಅಂತ ಇತ್ತು. ಒಟ್ಟಿಗೇ ಕಟ್ಟಿ ಕೊಟ್ಟರೆ ಅದನ್ನು ಕೈಯಿಂದ ಬಿಡಿಸುವವರು ಪೌರಕಾರ್ಮಿಕರು. ಹಳಸಿದ ಸಾರಿನಲ್ಲಿ ಅದ್ದಿದ ಹಾಲಿನ ಪ್ಯಾಕೆಟ್, ಅದರ ಜೊತೆ ಒಡೆದ ಗಾಜು. ನಮ್ಮ ಮನೆಯ ಊಟವನ್ನು ಇನ್ನೊಬ್ಬರು ಕೈಹಾಕಿ ಬಾಚುವ ಹಾಗೆ ಮಾಡಬಾರದು ಅನ್ನುವುದೇ ನಾನು ಇದನ್ನೆಲ್ಲ ಶುರು ಮಾಡಲು ಕಾರಣ.

ಇನ್ನೊಂದು ಮಾತು. ಕಸದ ರಾಶಿಯ ಅಡಿಯಲ್ಲಿ ಗಾಳಿ ಇಲ್ಲದೆ ಕೊಳೆತ ಊಟದಿಂದ ಮೀಥೇನ್ ಬರುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಅದು ಭೂಮಿಯನ್ನು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಜಾಸ್ತಿ ಕಾಯಿಸುತ್ತದೆ. ಬೇಸಿಗೆಯಲ್ಲಿ ಅಂಥ ರಾಶಿಗಳಿಗೆ ಬೆಂಕಿ ಹತ್ತುವುದಕ್ಕೂ ಆ ಗ್ಯಾಸ್ ಒಂದು ಕಾರಣ.

ಏನು ಹಾಕಬಹುದು, ಏನು ಹಾಕಬಾರದು?

ಕಾಯಿಪಲ್ಲೆ ಸಿಪ್ಪೆ, ಹಣ್ಣಿನ ಸಿಪ್ಪೆ, ಅನ್ನ, ಚಹಾ ಪುಡಿ, ಮೊಟ್ಟೆ ಚಿಪ್ಪು ಎಲ್ಲ ನಡೆಯುತ್ತದೆ. ಖಡಕ್ ರೊಟ್ಟಿಯ ಚೂರು ಯಂತ್ರಕ್ಕೆ ಬಹಳ ಒಳ್ಳೇದು, ಹಸಿ ಕಸದ ನೀರು ಹೀರಿಕೊಂಡು ಅಂಟು ಕಡಿಮೆ ಮಾಡುತ್ತದೆ. ಬರೀ ಅನ್ನವನ್ನೇ ಹಾಕಿದರೆ ಅಂಟಿನ ಮುದ್ದೆಯಾಗಿ ಅಲಗಿಗೆ ಸುತ್ತಿಕೊಳ್ಳುತ್ತದೆ.

ಮಾವಿನ ಗೊರಟೆ, ತೆಂಗಿನ ಚಿಪ್ಪು, ಮೂಳೆ, ಹುಣಸೆ ಬೀಜ, ಮೆಕ್ಕೆಜೋಳದ ದಿಂಡು ಬೇಡ. ಕಬ್ಬಿನ ಸಿಪ್ಪೆಯ ನಾರು, ಹೂವಿನ ಹಾರದ ದಾರ ಕೂಡ ಬೇಡ. ಹಾರದಿಂದ ದಾರ ಎಳೆದು ತೆಗೆಯಲು ಎರಡು ನಿಮಿಷ ಸಾಕು, ಅಲಗಿಗೆ ಸುತ್ತಿದ ದಾರ ಬಿಡಿಸಲು ಒಂದು ತಾಸು ಬೇಕು. ಮಿರ್ಚಿ ಕರಿದ ಎಣ್ಣೆಯನ್ನು ಸುರಿಯಲೇಬೇಡಿ. ಉಳಿದ ಒಂದೆರಡು ಮಿರ್ಚಿ ಪರವಾಗಿಲ್ಲ. ಉಪ್ಪಿನಕಾಯಿ, ಹಪ್ಪಳದಂಥ ಜಾಸ್ತಿ ಉಪ್ಪಿನ ಪದಾರ್ಥ ತಪ್ಪಿಸಿ, ಯಂತ್ರಕ್ಕಲ್ಲ, ಗಿಡಕ್ಕೆ ತೊಂದರೆ. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ.

ಜೀವಾಣು ಯಂತ್ರವಾದರೆ ನಿಂಬೆ ಸಿಪ್ಪೆ ಒಮ್ಮೆಲೇ ರಾಶಿ ಹಾಕಬೇಡಿ, ಹುಳಿ ಜಾಸ್ತಿಯಾದರೆ ಒಳಗಿನ ಜೀವಾಣು ಸೊರಗುತ್ತವೆ.

ಕಂಪೋಸ್ಟೆಬಲ್ ಅಂತ ಬರೆದ ಕವರ್ ಹಾಕಬಹುದಾ?

ಬೇಡ. ಹಸಿರು ಬಣ್ಣ, ಎಲೆ ಚಿತ್ರ ಇದ್ದ ಮಾತ್ರಕ್ಕೆ ಕೊಳೆಯುವುದಿಲ್ಲ. ನಿಜವಾದ ಕಂಪೋಸ್ಟೆಬಲ್ ಕವರಿನ ಮೇಲೆ ಐಎಸ್ 17088 ಅಂತ ಇರುತ್ತದೆ. ಅವು ಕೂಡ ದೊಡ್ಡ ಘಟಕದ 58 ಡಿಗ್ರಿ ಆಸುಪಾಸಿನ ಶಾಖದಲ್ಲಿ ವಾರಗಟ್ಟಲೆ ಇದ್ದರೆ ಕರಗುವಂಥವು. ಮನೆಯ ಬಕೆಟ್‌ನಲ್ಲಿ ಅವು ಹಾಗೇ ಇರುತ್ತವೆ.

ವಾಸನೆ ಬರುತ್ತಾ?

ಯಂತ್ರ ಓಡುವಾಗ ಬೇಯಿಸಿದ ವಾಸನೆ ಸ್ವಲ್ಪ ಬರುತ್ತದೆ. ಮೆಂತ್ಯ ಸೊಪ್ಪಿನ ದಂಟು, ಬೆಳ್ಳುಳ್ಳಿ ಸಿಪ್ಪೆ ಹಾಕಿದ ದಿನ ಜಾಸ್ತಿ. ಒಳಗಿನ ಇದ್ದಿಲಿನ ಫಿಲ್ಟರ್ ಹೊಸದಿರುವ ತನಕ ತಡೆಯುತ್ತದೆ, ಬಳಕೆ ನೋಡಿ ಮೂರರಿಂದ ಆರು ತಿಂಗಳಿಗೆ ಬದಲಾಯಿಸಬೇಕು. ಇದು ಪದೇ ಪದೇ ಬರುವ ಖರ್ಚು, ಯಂತ್ರದ ಬೆಲೆ ಕೇಳುವಾಗ ಫಿಲ್ಟರ್ ಬೆಲೆಯನ್ನೂ ಕೇಳಿ. ಆವಿ ಜಾಸ್ತಿ ಬಂದರೆ ಇದ್ದಿಲು ವಾಸನೆ ಹಿಡಿಯುವುದು ಕಡಿಮೆಯಾಗುತ್ತದೆ. ಅದಕ್ಕೂ ಕಸದ ನೀರು ಸೋಸಿ ಹಾಕುವುದೇ ಮದ್ದು.

ಬಕೆಟ್‌ನಲ್ಲಿ ಕೆಟ್ಟ ವಾಸನೆ ಬಂತು ಅಂದರೆ ಒಳಗೆ ನೀರು ಜಾಸ್ತಿ, ಗಾಳಿ ಕಡಿಮೆ. ಒಣ ಎಲೆ ಹಾಕಿ, ತಿರುವಿ, ಮುಚ್ಚಳ ಸ್ವಲ್ಪ ಓರೆ ಇಡಿ. ಎರಡು ದಿನದಲ್ಲಿ ಹೋಗುತ್ತದೆ.

ಕರೆಂಟ್ ಹೋದರೆ? ಇನ್ವರ್ಟರ್ ಮೇಲೆ ಓಡುತ್ತಾ?

ಮನೆಯ ಸಾಮಾನ್ಯ ಇನ್ವರ್ಟರ್ ಮೇಲೆ ಓಡಿಸಬೇಡಿ. ಒಳಗಿರುವುದು ಹೀಟರ್, ಬ್ಯಾಟರಿ ಬೇಗ ಖಾಲಿಯಾಗಿ ಫ್ಯಾನು ನಿಲ್ಲುತ್ತದೆ. ಒಣಗಿಸುವ ಯಂತ್ರದಲ್ಲಿ ಅರ್ಧಕ್ಕೆ ನಿಂತರೆ ಚಿಂತೆ ಇಲ್ಲ, ಕರೆಂಟ್ ಬಂದ ಮೇಲೆ ಮತ್ತೆ ಶುರು ಮಾಡಿ, ಆದರೆ ಬೇಸಿಗೆಯಲ್ಲಿ ಇಡೀ ದಿನ ಹಾಗೇ ಬಿಟ್ಟರೆ ಅರ್ಧ ಬೆಂದ ಕಸ ಹಳಸುತ್ತದೆ. ಜೀವಾಣು ಯಂತ್ರ ಕೆಲವು ತಾಸು ತಡೆಯುತ್ತದೆ. ವೋಲ್ಟೇಜ್ ಏರಿಳಿತ ಇರುವ ಓಣಿಯಾದರೆ ಸ್ಟೆಬಿಲೈಸರ್ ಹಾಕಿ, ಒಳಗಿನ ಬೋರ್ಡ್ ಸುಟ್ಟರೆ ಇಲ್ಲಿ ರಿಪೇರಿ ಮಾಡುವವರು ಸಿಗುವುದು ಕಷ್ಟ.

ಕೆಟ್ಟರೆ ರಿಪೇರಿ ಹೇಗೆ?

ನಮ್ಮದು ಒಂದು ಸಲ ಕೆಟ್ಟಿತು. ನೇರಳೆ ಬೀಜಗಳ ರಾಶಿ ಅಲಗಿನ ಅಡಿ ಸಿಕ್ಕಿಕೊಂಡು ಮೋಟಾರ್ ನಿಂತಿತು. ಬಳ್ಳಾರಿಯಲ್ಲಿ ಸರ್ವಿಸ್ ಇರಲಿಲ್ಲ, ಪ್ಯಾಕ್ ಮಾಡಿ ಬೇರೆ ಊರಿಗೆ ಕಳಿಸಿ ವಾಪಸ್ ಬರುವಷ್ಟರಲ್ಲಿ 23 ದಿನ ಆಯ್ತು. ಹತ್ತಾರು ಸಾವಿರ ಕೊಟ್ಟ ಸಾಮಾನು ಇದು. ಕೊಳ್ಳುವ ಮುಂಚೆ ಎರಡು ಪ್ರಶ್ನೆ ಬರವಣಿಗೆಯಲ್ಲೇ ಕೇಳಿ: ನಮ್ಮ ಪಿನ್‌ಕೋಡಿಗೆ ಮನೆಗೆ ಬಂದು ರಿಪೇರಿ ಮಾಡುತ್ತಾರಾ, ಅಲಗು ಮತ್ತು ಒಳಡಬ್ಬಿ ಬಿಡಿಯಾಗಿ ಸಿಗುತ್ತದಾ. ಆ 23 ದಿನ ನಮ್ಮನ್ನು ನಡೆಸಿದ್ದು ಬಕೆಟ್.

ಪುಡಿಯನ್ನು ಸೀದಾ ಗಿಡಕ್ಕೆ ಹಾಕಬಹುದಾ?

ಹಾಕಬೇಡಿ. ನಾನು ಹಾಕಿದ್ದೆ, ತುಳಸಿ ಕುಂಡಕ್ಕೆ, ಎರಡು ಹಿಡಿ. ಮೂರನೇ ದಿನ ಮಣ್ಣಿನ ಮೇಲೆ ಬಿಳಿ ಹತ್ತಿಯಂಥ ಬೂಸ್ಟು ಬಂತು. ಬೆರಳಿಟ್ಟರೆ ಮಣ್ಣು ಬೆಚ್ಚಗಿತ್ತು. ಐದನೇ ದಿನ ಇರುವೆಗಳ ಸಾಲು. ಎರಡನೇ ವಾರದಲ್ಲಿ ಕೆಳಗಿನ ಎಲೆಗಳು ಹಳದಿಯಾಗಿ ಉದುರಿದವು, ಗಿಡ ಉಳಿಯಲಿಲ್ಲ. ಅತ್ತೆ ದಿನಾ ನೀರು ಹಾಕಿ ಕೈಮುಗಿಯುವ ಗಿಡ ಅದು. ಈಗಲೂ ಬೇಜಾರಿದೆ.

ಆಗಿದ್ದು ಇಷ್ಟು. ನೀರು ಬಿದ್ದ ಕೂಡಲೇ ಪುಡಿ ಮತ್ತೆ ಕೊಳೆಯಲು ಶುರುವಾಯಿತು. ಕೊಳೆಯುವಾಗ ಶಾಖ ಬರುತ್ತದೆ. ಜೀವಾಣುಗಳು ಮಣ್ಣಿನಲ್ಲಿದ್ದ ಸಾರಜನಕವನ್ನೂ ಗಾಳಿಯನ್ನೂ ತಾವೇ ಎಳೆದುಕೊಳ್ಳುತ್ತವೆ. ಮೇಲೆ ಸಾರಿನ ಉಪ್ಪು ಬೇರೆ. ಬೇರಿಗೆ ಎಲ್ಲ ಕಡೆಯಿಂದ ಪೆಟ್ಟು.

ಹಾಗಾದರೆ ಆ ಪುಡಿಯನ್ನು ಮಾಗಿಸುವುದು ಹೇಗೆ?

ಇದೇ ಮುಖ್ಯ ಕೆಲಸ. ಯಂತ್ರದ ಪುಡಿಗೂ ಮಾಳಿಗೆಯಲ್ಲಿ ಒಣಗಿದ ಸಿಪ್ಪೆಗೂ ಒಂದೇ ವಿಧಾನ.

ಅಗಲ ಬಾಯಿಯ ಮಣ್ಣಿನ ಮಡಕೆ ತಗೊಳ್ಳಿ, ಪಕ್ಕಕ್ಕೆ ಏಳೆಂಟು ತೂತು ಇರಲಿ. ಕುಂಬಾರರಿಗೆ ಹೇಳಿದರೆ ಸುಡುವ ಮುಂಚೆಯೇ ತೂತು ಹಾಕಿಕೊಡುತ್ತಾರೆ. ಬೆಂಗಳೂರಿನ ಡೈಲಿ ಡಂಪ್‌ನವರು 2006ರಿಂದ ಕಂಬ ಅಂತ ಒಂದರ ಮೇಲೊಂದು ಕೂರುವ ಮಡಕೆ ಮಾಡುತ್ತಾರೆ, ಅದೇ ತತ್ವ. ತಳಕ್ಕೆ ಶೇಂಗಾ ಸಿಪ್ಪೆ ಒಂದು ಗೇಣು. ಅದರ ಮೇಲೆ ಒಂದು ಪಾಲು ಪುಡಿಗೆ ಎಂಟು ಪಾಲು ಮಣ್ಣು ಕಲಸಿ ಹಾಕಿ. ಹಳೇ ಗೊಬ್ಬರ ಅಥವಾ ಹುಳಿ ಮಜ್ಜಿಗೆ ಚಿಮುಕಿಸಿದ ಸಗಣಿ ಒಂದು ಹಿಡಿ ಬೆರೆಸಿದರೆ ಜೀವಾಣುಗಳಿಗೆ ಒಳ್ಳೆ ಶುರು ಸಿಗುತ್ತದೆ. ನೀರು ಚಿಮುಕಿಸಿ, ಗೋಣಿಚೀಲ ಮುಚ್ಚಿ, ನೆರಳಲ್ಲಿ ಇಡಿ. ವಾರಕ್ಕೆ ಎರಡು ಸಲ ಕೈಯಾಡಿಸಿ. ನಮ್ಮಲ್ಲಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ.

ಮಣ್ಣಿನ ಮಾತು ಬಂತು ಅಂತ ಹೇಳುತ್ತೇನೆ. ನಮ್ಮ ಎರೆ ಮಣ್ಣು ಒದ್ದೆಯಾದರೆ ಅಂಟು, ಒಣಗಿದರೆ ಬಿರುಕು. ಅದನ್ನೊಂದೇ ಹಾಕಿದರೆ ಮಡಕೆಯೊಳಗೆ ಗಾಳಿ ಆಡುವುದಿಲ್ಲ. ಅರ್ಧ ಮಸಾರಿ, ಅಂದರೆ ಕೆಂಪು ಮಣ್ಣು ಬೆರೆಸಿ.

ಒಣ ಪದಾರ್ಥಕ್ಕೆ ನಮ್ಮ ಕಡೆ ಬರವಿಲ್ಲ. ಸಿಟಿಯವರು ತೆಂಗಿನ ನಾರಿನ ಕೊಕೊಪೀಟ್ ಕೊಳ್ಳುತ್ತಾರೆ, ನಮಗೆ ಶೇಂಗಾ ಸಿಪ್ಪೆ, ಬೇವಿನ ಒಣ ಎಲೆ, ಜೋಳದ ಕಣಿಕೆಯ ಚೂರು ಸಿಗುತ್ತದೆ. ಗಂಗಾವತಿ, ಸಿಂಧನೂರಿನವರು ರೈಸ್ ಮಿಲ್ಲಿನ ಭತ್ತದ ಹೊಟ್ಟು ಹಾಕಬಹುದಾ ಅಂತ ಕೇಳುತ್ತಾರೆ. ಸ್ವಲ್ಪ ಹಾಕಿ, ಗಾಳಿ ಆಡಲು ಒಳ್ಳೇದು, ಆದರೆ ಅದರಲ್ಲಿ ಸಿಲಿಕಾ ಇರುವುದರಿಂದ ಬೇಗ ಕೊಳೆಯುವುದಿಲ್ಲ, ಗೊಬ್ಬರ ಆದ ಮೇಲೂ ಹಾಗೇ ಕಾಣುತ್ತದೆ. ಜೀನ್ಸ್ ಹೊಲಿಯುವ ಕಡೆಯಿಂದ ಬರುವ ಬಟ್ಟೆ ಚಿಂದಿ ಮಾತ್ರ ಬೇಡ, ಅದರಲ್ಲಿ ಬಣ್ಣ, ಪಾಲಿಯೆಸ್ಟರ್ ಎರಡೂ ಇರುತ್ತವೆ.

ತೇವ ಎಷ್ಟಿರಬೇಕು? ಮೀಟರ್ ಕೊಳ್ಳಬೇಕಾ?

ನೂರಕ್ಕೆ 50ರಿಂದ 60 ತೇವ ಇರಬೇಕು. ಒಂದು ಹಿಡಿ ತಗೊಂಡು ಗಟ್ಟಿಯಾಗಿ ಹಿಂಡಿ. ಉಂಡೆ ಕಟ್ಟಿ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಸರಿ. ಧಾರೆ ಬಂದರೆ ಜಾಸ್ತಿ, ಉದುರಿದರೆ ಕಡಿಮೆ. ನಮ್ಮೂರಲ್ಲಿ ಕಡಿಮೆಯಾಗುವುದೇ ಜಾಸ್ತಿ. ಮೇ ತಿಂಗಳಲ್ಲಿ ಮಡಕೆ ಎರಡೇ ದಿನಕ್ಕೆ ಒಣಗಿ ಕೆಲಸ ನಿಲ್ಲಿಸುತ್ತದೆ. ಸುತ್ತ ಒದ್ದೆ ಗೋಣಿಚೀಲ ಕಟ್ಟಿ, ಕುಡಿಯುವ ನೀರಿನ ಮಡಕೆಗೆ ಕಟ್ಟುವ ಹಾಗೆ. ಕುಡಿಯುವ ನೀರು ಶುದ್ಧ ಮಾಡುವ ಆರ್‌ಒ ಯಂತ್ರ ಹೊರಗೆ ಬಿಡುವ ನೀರು ಹಾಕಬೇಡಿ, ಅದರಲ್ಲಿ ಉಪ್ಪಿನಂಶ ಇನ್ನೂ ಜಾಸ್ತಿ. ಅಕ್ಕಿ, ಬೇಳೆ ತೊಳೆದ ನೀರು ಸಾಕು.

ಎರಡು ಕಡ್ಡಿಯ ಅಗ್ಗದ ತೇವದ ಮೀಟರ್‌ಗಳು ಅಳೆಯುವುದು ಕರೆಂಟ್ ಎಷ್ಟು ಹರಿಯುತ್ತದೆ ಅನ್ನುವುದನ್ನು. ಊಟದ ಕಸದಲ್ಲಿ ಉಪ್ಪು ಇರುವುದರಿಂದ ಅವು ಇಲ್ಲದ ತೇವ ತೋರಿಸುತ್ತವೆ. ಮುಷ್ಟಿಯನ್ನೇ ನಂಬಿ. ಶಾಖ ಅಳೆಯುವ ಉದ್ದ ಕಡ್ಡಿಯ ಡಿಜಿಟಲ್ ಥರ್ಮಾಮೀಟರ್ ಮಾತ್ರ ತಗೊಳ್ಳಿ, ಅದು ಸುಳ್ಳು ಹೇಳುವುದಿಲ್ಲ. ಕಸ ಹಾಕಿದ ಎರಡನೇ ದಿನ ಹೊರಗಿನ ಗಾಳಿಗಿಂತ ಒಳಗೆ ಜಾಸ್ತಿ ಶಾಖ ಇದ್ದರೆ ಕೆಲಸ ನಡೆದಿದೆ ಅಂತ ಅರ್ಥ.

ನಮ್ಮ ಬಕೆಟ್ 55 ಡಿಗ್ರಿಗೆ ಹೋಗುವುದೇ ಇಲ್ಲ, ತಪ್ಪೇನು?

ತಪ್ಪಿಲ್ಲ. ಗೊಬ್ಬರದ ರಾಶಿ ಅಷ್ಟು ಕಾಯಬೇಕು ಅಂತ ಎಲ್ಲೋ ಓದಿದವರು ಇದನ್ನು ಕೇಳುತ್ತಾರೆ. ಆ ಶಾಖ ಬರುವುದು ದೊಡ್ಡ ರಾಶಿಯಲ್ಲಿ, ಹೆಚ್ಚುಕಡಿಮೆ ಒಂದು ಮೀಟರ್ ಉದ್ದ, ಅಗಲ, ಎತ್ತರ ಇದ್ದಾಗ. 20 ಲೀಟರ್ ಬಕೆಟ್ ಶಾಖ ಹಿಡಿದಿಡುವುದಿಲ್ಲ. ಗೊಬ್ಬರ ಆಗೇ ಆಗುತ್ತದೆ, ಆದರೆ ಬೀಜಗಳು ಸಾಯುವುದಿಲ್ಲ. ಕುಂಡದಲ್ಲಿ ತಾನಾಗೇ ಟೊಮೆಟೊ ಸಸಿ ಎದ್ದರೆ ಗಾಬರಿ ಬೇಡ. ರೋಗಾಣು ಸಾಯಲೂ ಅಷ್ಟು ಶಾಖ ಬೇಕು, ಅದಕ್ಕೇ ಮಾಂಸ, ಮೀನು, ನಾಯಿ ಬೆಕ್ಕಿನ ಹೇಲು ಬಕೆಟ್‌ಗೆ ಹಾಕಬೇಡಿ.

ಎರೆಹುಳ ಅಥವಾ ಬೊಕಾಶಿ ಒಳ್ಳೇದಲ್ವಾ?

ಎರೆಹುಳಕ್ಕೆ 15ರಿಂದ 25 ಡಿಗ್ರಿ ಹಿತ, 35 ದಾಟಿದರೆ ಸಾಯಲು ಶುರುವಾಗುತ್ತವೆ. ಬಳ್ಳಾರಿ, ರಾಯಚೂರಿನಲ್ಲಿ ಮಾರ್ಚ್ ಬಂದರೆ ಅವನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸ. ಹೊಲದಲ್ಲಿ ಮರದ ನೆರಳು, ಗುಂಡಿ ಇದ್ದವರು ಮಾಡಲಿ. ಅಡುಗೆಮನೆಗೆ ಬೇಡ.

ಬೊಕಾಶಿ ನಮ್ಮ ಶಾಖಕ್ಕೆ ಹೊಂದುತ್ತದೆ. ಜಪಾನಿನ ಪದ್ಧತಿ. ಗಾಳಿ ಆಡದ ಮುಚ್ಚಳದ ಬಕೆಟ್‌ನಲ್ಲಿ ಕಸ ಒತ್ತಿ, ಮೇಲೆ ಜೀವಾಣು ಬೆರೆಸಿದ ತೌಡು ಉದುರಿಸಿ, ಎರಡು ವಾರ ಮುಚ್ಚಿಡುವುದು. ಇದರಲ್ಲಿ ಕೆಲಸ ಮಾಡುವುದು ಮೊಸರಿನಲ್ಲಿರುವ ಬಳಗದ ಜೀವಾಣುಗಳೇ. ಬೇಯಿಸಿದ್ದೂ ಹಾಕಬಹುದು. ಎರಡು ವಾರ ಆದ ಮೇಲೆ ಅದೂ ಗೊಬ್ಬರ ಅಲ್ಲ, ಉಪ್ಪಿನಕಾಯಿಯಂತೆ ಹುಳಿಯಾದ ಕಸ. ಮಣ್ಣಲ್ಲಿ ಹೂತು ಇನ್ನೂ ಎರಡರಿಂದ ನಾಲ್ಕು ವಾರ ಕಾಯಬೇಕು. ಆ ಬಕೆಟ್‌ನ ತಳದ ನಲ್ಲಿಯಿಂದ ಇಳಿಯುವ ರಸವನ್ನು ನೂರು ಪಾಲು ನೀರಿಗೆ ಒಂದು ಪಾಲು ಬೆರೆಸಿ ಗಿಡದ ಬುಡಕ್ಕೆ ಹಾಕಬಹುದು.

ಬಕೆಟ್‌ನಲ್ಲಿ ದಪ್ಪ ಕಂದು ಹುಳ ಬಂದಿವೆ, ಎಲ್ಲ ಸುರಿದುಬಿಡಲಾ?

ಸುರಿಯಬೇಡಿ. ಅವು ಬ್ಲ್ಯಾಕ್ ಸೋಲ್ಜರ್ ನೊಣದ ಮರಿಗಳು, ಕಚ್ಚುವುದಿಲ್ಲ, ಕಸವನ್ನು ಬಹಳ ಬೇಗ ತಿಂದು ಮುಗಿಸುತ್ತವೆ. ನೋಡಲು ಮುಜುಗರ ಆಗುತ್ತದೆ, ನಿಜ. ಬೇಡ ಅನಿಸಿದರೆ ಒಣ ಎಲೆ ಜಾಸ್ತಿ ಹಾಕಿ, ತೇವ ಕಡಿಮೆ ಮಾಡಿ. ಕೋಳಿ ಸಾಕಿದವರಿಗೆ ಕೊಟ್ಟರೆ ಖುಷಿಯಿಂದ ತಗೊಳ್ಳುತ್ತಾರೆ. ಸಣ್ಣ ಹಣ್ಣಿನ ನೊಣ ಬಂದರೆ ಕಸದ ಮೇಲೆ ಎರಡು ಬೆರಳು ದಪ್ಪ ಒಣ ಮಣ್ಣು ಮುಚ್ಚಿ, ಸಾಕು.

ಇಂಜಿನಿಯರಿಂಗ್ ಪ್ರಾಜೆಕ್ಟಿಗೆ ಇದನ್ನು ನಾವೇ ಮಾಡಬಹುದಾ?

ಮಾಡಿ, ದಯವಿಟ್ಟು ಮಾಡಿ. ಮುಚ್ಚಳ ತಾನೇ ತೆರೆಯುವ ಸ್ಮಾರ್ಟ್ ಡಸ್ಟ್‌ಬಿನ್ ಸಾಕಷ್ಟು ಆಗಿದೆ. ವೈಫೈ ಇರುವ ಇಎಸ್‌ಪಿ32 ಎಂಬ ಸಣ್ಣ ಬೋರ್ಡ್, ನೀರು ಹೋಗದ ಡಿಎಸ್18ಬಿ20 ಶಾಖದ ಸೆನ್ಸರ್ ಎರಡು, ಒಂದು ಒಳಗೆ ಒಂದು ಹೊರಗೆ. ಎರಡರ ವ್ಯತ್ಯಾಸ ಕಡಿಮೆಯಾದರೆ ತಿರುವಿ ಅಂತ ಫೋನಿಗೆ ಮೆಸೇಜು. ಅಡಿಯಲ್ಲಿ ತೂಕದ ಲೋಡ್ ಸೆಲ್ ಇಟ್ಟರೆ ನೀರು ಎಷ್ಟು ಹೋಯಿತು ಅಂತಲೂ ಗೊತ್ತಾಗುತ್ತದೆ. ಹೀಟರ್ ಬದಲು ಮಾಳಿಗೆಯ ಮೇಲೆ ಗಾಜಿನ ಪೆಟ್ಟಿಗೆಯ ಸೋಲಾರ್ ಡ್ರೈಯರ್, ಒಂದು ಸಣ್ಣ ಫ್ಯಾನ್. ನಮ್ಮ ಜಿಲ್ಲೆಗಳಿಗೆ ಬೇಕಾದ ಯಂತ್ರ ಅದು, ಯಾರಾದರೂ ಮಾಡಿದರೆ ಮೊದಲ ಗಿರಾಕಿ ನಾನು.

ಗೊಬ್ಬರ ಮಾಗಿದೆ ಅಂತ ಹೇಗೆ ತಿಳಿಯುವುದು?

ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು, ಹಾಕಿದ್ದು ಯಾವುದು ಅಂತ ಗುರುತು ಸಿಗಬಾರದು. ಅನುಮಾನ ಇದ್ದರೆ ಒಂದು ಹಿಡಿ ಒದ್ದೆ ಮಾಡಿ ಜಿಪ್ ಕವರಿನಲ್ಲಿ ಮೂರು ದಿನ ಕಟ್ಟಿಡಿ. ತೆಗೆದಾಗ ಹುಳಿ ಅಥವಾ ಕೊಳೆತ ವಾಸನೆ ಬಂದರೆ ಇನ್ನೂ ಎರಡು ವಾರ ಬೇಕು. ಆಮೇಲೆ ಮೆಂತ್ಯ ಪರೀಕ್ಷೆ: ಅರ್ಧ ಗೊಬ್ಬರ ಅರ್ಧ ಮಣ್ಣು ಬೆರೆಸಿದ ಲೋಟದಲ್ಲಿ ಹತ್ತು ಕಾಳು, ಬರೀ ಮಣ್ಣಿನ ಲೋಟದಲ್ಲಿ ಹತ್ತು ಕಾಳು ಹಾಕಿ. ಎರಡರಲ್ಲೂ ಎಂಟೊಂಬತ್ತು ಮೊಳೆತು ಹಸಿರಾಗಿ ನಿಂತರೆ ಗೊಬ್ಬರ ಆಗಿದೆ. ಮಕ್ಕಳಿಗೆ ಈ ಕೆಲಸ ಕೊಡಿ, ದಿನಾ ಎದ್ದ ಕೂಡಲೇ ಓಡಿ ಹೋಗಿ ಎಣಿಸುತ್ತಾರೆ.

ಎಷ್ಟು ಹಾಕಬೇಕು? ಗಿಡ ಇಲ್ಲದವರು ಏನು ಮಾಡಬೇಕು?

ಹನ್ನೆರಡು ಇಂಚಿನ ಕುಂಡಕ್ಕೆ ತಿಂಗಳಿಗೆ ಎರಡು ಹಿಡಿ ಸಾಕು. ಬುಡಕ್ಕೆ ತಾಗದ ಹಾಗೆ ಅಂಚಿನ ಸುತ್ತ ಹಾಕಿ, ಮೇಲೆ ಮಣ್ಣು ಎಳೆದು, ಸಂಜೆ ನೀರು ಕೊಡಿ. ಮಧ್ಯಾಹ್ನ ಬೇಡವೇ ಬೇಡ. ಗಿಡ ಇಲ್ಲದವರು ಓಣಿಯ ಬೇವಿನ ಮರಕ್ಕೆ, ಗುಡಿಯ ಹೂಗಿಡಗಳಿಗೆ ಹಾಕಿ, ಅಥವಾ ಹೊಲ ಇರುವ ನೆಂಟರಿಗೆ ಚೀಲದಲ್ಲಿ ಕೊಡಿ. ನಾವು ಹೋದ ಸಲ ಸಿರುಗುಪ್ಪದ ಚಿಕ್ಕಪ್ಪನಿಗೆ ಎರಡು ಚೀಲ ಕೊಟ್ಟೆವು. ಅವರು ಅದನ್ನು ಹಿತ್ತಲ ಬದನೆ ಸಾಲಿಗೆ ಹಾಕಿದರಂತೆ. ಮನೆಯಲ್ಲಿ ಉಳಿದಿದ್ದನ್ನು ಹೊಸ ತುಳಸಿ ಕುಂಡಕ್ಕೆ ಹಾಕಿದ್ದೇವೆ, ಈ ಸಲ ಆರು ವಾರ ಮಾಗಿಸಿ, ಮೆಂತ್ಯ ಮೊಳೆಸಿ ನೋಡಿದ ಮೇಲೆ.